ಮಾತ್ರೆಯ ಸಾಲಿನಲ್ಲಿ ನಿಂತವಳಿಗೆ ಇನ್ನೊಂದು ಪರೀಕ್ಷೆ

ಎಚ್‌ಐವಿ ಸೋಂಕನ್ನು ಮಾತ್ರೆಯಿಂದ ಹಿಡಿತಕ್ಕೆ ತಂದುಕೊಂಡ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಹೆಣ್ಣುಮಕ್ಕಳು ಈಗ ಗರ್ಭಕಂಠದ ಕ್ಯಾನ್ಸರ್ ಕಾಣಿಸಿಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಮೊದಲೇ ಪತ್ತೆ ಹಚ್ಚಿದರೆ ತಡೆಯಬಹುದಾದ ಕ್ಯಾನ್ಸರ್ ಇದು. ಆದರೆ ಆಸ್ಪತ್ರೆಯ ಒಂದು ಕೋಣೆಗೂ ಇನ್ನೊಂದು ಕೋಣೆಗೂ ನಡುವೆ ದಾರಿ ಇರಬೇಕು.

ಬಳ್ಳಾರಿ ಸೀಮೆಗೆ ಎಚ್‌ಐವಿ ಹೊಸದಲ್ಲ. 2000ರ ಆಸುಪಾಸಿನಲ್ಲಿ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಗರ್ಭಿಣಿಯರ ರಕ್ತ ಪರೀಕ್ಷಿಸಿದರೆ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಸೋಂಕು ಸಿಗುತ್ತಿತ್ತು. ಸಂಡೂರಿನ ಅದಿರು ತುಂಬಿದ ಲಾರಿಗಳು ಹಗಲಿರುಳು ಓಡಾಡುತ್ತಿದ್ದ ಕಾಲ. ಸುಗ್ಗಿ ಮುಗಿದರೆ ಗುಳೆ ಹೋಗುವ ಊರುಗಳು, ಕಾನೂನು ಬಂದರೂ ಪೂರ್ತಿ ಅಳಿಯದ ದೇವದಾಸಿ ಪದ್ಧತಿ, ಗಂಡ ತಂದ ಸೋಂಕನ್ನು ಗೊತ್ತಿಲ್ಲದೆ ಪಡೆದುಕೊಂಡ ಗೃಹಿಣಿಯರು, ಎಲ್ಲವೂ ಸೇರಿ ಈ ಭಾಗ ದೇಶದ ಎಚ್‌ಐವಿ ನಕಾಶೆಯಲ್ಲಿ ಎದ್ದು ಕಾಣುತ್ತಿತ್ತು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮ ಆರು ರಾಜ್ಯಗಳಲ್ಲಿ ಶುರುವಾದಾಗ ಕರ್ನಾಟಕವೂ ಅದರಲ್ಲಿತ್ತು. ಸೋಂಕಿನ ಪ್ರಮಾಣ ಅಳೆಯಲು ರಾಜ್ಯದಲ್ಲಿ ಆರಿಸಿಕೊಂಡ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು.

2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಎಚ್‌ಐವಿ ನಿಯಂತ್ರಣದ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡಲು ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಆ ಸೌಲಭ್ಯ ಬಳ್ಳಾರಿಗೂ ಬಂತು. ಈಗ ಬಿಎಂಸಿಆರ್‌ಸಿ ಎಂದು ಹೆಸರು ಬದಲಾದರೂ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಹೆಸರು ಬರೆಸಿದ ಹೆಣ್ಣುಮಕ್ಕಳು ಬದುಕಿದರು, ಮಕ್ಕಳನ್ನು ಓದಿಸಿದರು, ಮದುವೆ ಮಾಡಿದರು. ಆಗ ಇಪ್ಪತ್ತೈದು, ಮೂವತ್ತರ ಪ್ರಾಯದವರು ಈಗ ನಲವತ್ತೈದು, ಐವತ್ತರಲ್ಲಿದ್ದಾರೆ. ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಹೆಮ್ಮೆಪಡಬೇಕಾದ ಸಾಧನೆ ಇದು.

ಗರ್ಭಕಂಠದ ಕ್ಯಾನ್ಸರ್ ಹೆಚ್ಚಾಗಿ ಪತ್ತೆಯಾಗುವುದೂ ಇದೇ ವಯಸ್ಸಿನಲ್ಲಿ. ಎಚ್‌ಐವಿಯಿಂದ ಉಳಿಸಿಕೊಂಡ ಜೀವವನ್ನು ತಡೆಯಬಹುದಾದ ಕ್ಯಾನ್ಸರ್‌ಗೆ ಒಪ್ಪಿಸಬಾರದು ಎಂಬುದು ಈ ಲೇಖನದ ಕಳಕಳಿ.

ಎರಡು ವೈರಸ್‌ಗಳ ನಂಟು

ಗರ್ಭಚೀಲದ ಬಾಯಿಯನ್ನು ವೈದ್ಯರು ಗರ್ಭಕಂಠ ಎನ್ನುತ್ತಾರೆ. ಅಲ್ಲಿ ಹುಟ್ಟುವ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ ಕಾರಣ. ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್ ಇದನ್ನು ತೋರಿಸಿಕೊಟ್ಟು 2008ರಲ್ಲಿ ನೊಬೆಲ್ ಪಡೆದರು. ಎಚ್‌ಪಿವಿಯಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ 16 ಮತ್ತು 18ನೇ ಬಗೆಗಳೇ ಜಗತ್ತಿನ ಸುಮಾರು ನೂರಕ್ಕೆ 70 ಗರ್ಭಕಂಠದ ಕ್ಯಾನ್ಸರ್‌ಗಳ ಮೂಲ.

ಎಚ್‌ಪಿವಿ ತಗಲುವುದು ಅಪರೂಪವಲ್ಲ. ಲೈಂಗಿಕ ಸಂಪರ್ಕ ಆರಂಭವಾದ ಮೇಲೆ ಬಹುಪಾಲು ಹೆಣ್ಣುಗಂಡುಗಳಿಗೆ ಎಂದಾದರೊಮ್ಮೆ ಅದು ತಗಲಿಯೇ ತಗಲುತ್ತದೆ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹ ಒಂದೆರಡು ವರ್ಷಗಳಲ್ಲಿ ತಾನೇ ಕಳಚಿಕೊಳ್ಳುತ್ತದೆ. ಈ ಕೆಲಸ ಮಾಡುವ ಪಡೆಯ ಮುಂದಾಳು ಸಿಡಿ4 ಎಂಬ ಬಿಳಿ ರಕ್ತಕಣ. ಎಚ್‌ಐವಿ ನೇರವಾಗಿ ದಾಳಿ ಮಾಡುವುದೂ ಇದೇ ಸಿಡಿ4 ಕಣಗಳ ಮೇಲೆ. ಸಕಾಲಕ್ಕೆ ಕೈಯಾಡಿಸುವ ಆಳಿಲ್ಲದ ಭತ್ತದ ಗದ್ದೆಯಲ್ಲಿ ಕಳೆ ಬೆಳೆದಂತೆ, ಸಿಡಿ4 ಕುಸಿದ ಮೈಯಲ್ಲಿ ಎಚ್‌ಪಿವಿ ಬೇರುಬಿಡುತ್ತದೆ. ಒಂದೇ ಸಲಕ್ಕೆ ಎರಡು ಮೂರು ಬಗೆಯ ಎಚ್‌ಪಿವಿ ಇರುವುದೂ ಇವರಲ್ಲಿ ಹೆಚ್ಚು.

ಬಹುಕಾಲ ಬೀಡುಬಿಟ್ಟ ಎಚ್‌ಪಿವಿ, ಜೀವಕೋಶ ಅಂಕೆಮೀರಿ ಬೆಳೆಯದಂತೆ ಕಾಯುವ ಪ್ರೋಟೀನುಗಳನ್ನು ಕೆಡಿಸುತ್ತದೆ. ಕೋಶಗಳು ನಿಧಾನವಾಗಿ ರೂಪಗೆಡುತ್ತವೆ. ಇದೇ ಕ್ಯಾನ್ಸರ್‌ಪೂರ್ವ ಹಂತ. ಆಗ ನೋವಿಲ್ಲ, ರಕ್ತಸ್ರಾವವಿಲ್ಲ, ಹೆಂಗಸಿಗೆ ಯಾವ ಸುಳಿವೂ ಸಿಗುವುದಿಲ್ಲ. ರೋಗನಿರೋಧಕ ಶಕ್ತಿ ಸರಿಯಿರುವವರಲ್ಲಿ ಇಲ್ಲಿಂದ ಕ್ಯಾನ್ಸರ್‌ಗೆ ತಲುಪಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಚಿಕಿತ್ಸೆಯಿಲ್ಲದ ಎಚ್‌ಐವಿಯಿಂದ ಶಕ್ತಿಗುಂದಿದವರಲ್ಲಿ ಅದು 5ರಿಂದ 10 ವರ್ಷಕ್ಕೆ ಇಳಿಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹೀಗಾಗಿಯೇ ಎಚ್‌ಐವಿಯೊಂದಿಗೆ ಬದುಕುವ ಮಹಿಳೆಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು. 2018ರಲ್ಲಿ ಜಗತ್ತಿನಾದ್ಯಂತ ಹೊಸದಾಗಿ ಈ ಕ್ಯಾನ್ಸರ್ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 6 ಮಂದಿ ಎಚ್‌ಐವಿ ಇದ್ದವರು. ಆಫ್ರಿಕಾದ ದಕ್ಷಿಣ ತುದಿಯ ದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1993ರಲ್ಲೇ ಗರ್ಭಕಂಠದ ಕ್ಯಾನ್ಸರನ್ನು ಏಡ್ಸ್ ಹಂತದ ಕುರುಹುಗಳ ಪಟ್ಟಿಗೆ ಸೇರಿಸಿತು. ನಂಟು ಎರಡೂ ಕಡೆಯಿಂದ ಇದೆ. ಎಚ್‌ಪಿವಿ ಇರುವ ಹೆಣ್ಣಿಗೆ ಎಚ್‌ಐವಿ ತಗಲುವ ಅಪಾಯವೂ ಹೆಚ್ಚೆಂದು ಅಧ್ಯಯನಗಳು ಕಂಡುಕೊಂಡಿವೆ.

ಎಆರ್‌ಟಿಯನ್ನು ತಪ್ಪದೆ ನುಂಗಿ, ವೈರಲ್ ಲೋಡ್ ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ ತಗ್ಗಿಸಿಕೊಂಡವರಲ್ಲಿ ಕ್ಯಾನ್ಸರ್‌ಪೂರ್ವ ಗಾಯ ಮುಂದುವರಿಯುವುದು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಆದರೂ ಅಪಾಯ ಉಳಿದವರ ಮಟ್ಟಕ್ಕೆ ಪೂರ್ತಿ ಇಳಿಯುವುದಿಲ್ಲ. ಇವರಲ್ಲಿ ಮೊದಲಿನ ನಿಯಮದಂತೆ ಸಿಡಿ4 ತೀರಾ ಕುಸಿದ ಮೇಲಷ್ಟೇ ಮಾತ್ರೆ ಸಿಕ್ಕ ಹಳಬರಿದ್ದಾರೆ. ಪತ್ತೆಯಾದ ಎಲ್ಲರಿಗೂ ಕೂಡಲೇ ಎಆರ್‌ಟಿ ಎಂಬ ನೀತಿ ದೇಶದಲ್ಲಿ ಬಂದದ್ದು 2017ರಲ್ಲಿ. ಅದಕ್ಕೂ ಮುಂಚಿನ ವರ್ಷಗಳಲ್ಲಿ ನಡೆದ ಹಾನಿ ಮೈಯೊಳಗೇ ಉಳಿದಿರಬಹುದು.

ಒಂದು ನಿಮಿಷದ ಪರೀಕ್ಷೆ

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಮಾಡುವ ತಪಾಸಣೆಯ ಹೆಸರು ವಿಐಎ. ಅದರ ಬಗ್ಗೆ ಇರುವ ಭಯ ಅದು ಹಿಡಿಯುವ ಹೊತ್ತಿಗಿಂತ ದೊಡ್ಡದು. ಹೆಂಗಸನ್ನು ಹೆರಿಗೆ ಮೇಜಿನಂಥ ಮೇಜಿನ ಮೇಲೆ ಮಲಗಿಸಿ, ಮೊಳಕಾಲು ಮಡಚಿಸಿ, ಸ್ಪೆಕ್ಯುಲಮ್ ಎಂಬ ಉಪಕರಣದಿಂದ ದಾರಿಯನ್ನು ಮೆಲ್ಲಗೆ ಅಗಲಿಸುತ್ತಾರೆ. ದೀಪದ ಬೆಳಕಿನಲ್ಲಿ ಗರ್ಭಕಂಠ ನಸುಗೆಂಪಾಗಿ ಕಾಣುತ್ತದೆ. ನರ್ಸ್ ಹತ್ತಿಯನ್ನು ತೆಳು ಅಸಿಟಿಕ್ ಆಮ್ಲದಲ್ಲಿ ಅದ್ದಿ ಅಲ್ಲಿಗೆ ಹಚ್ಚುತ್ತಾರೆ. ಅಡುಗೆಮನೆಯ ವಿನೆಗರ್‌ನಲ್ಲಿ ಇರುವುದೂ ಇದೇ ಆಮ್ಲ. ಸ್ವಲ್ಪ ಉರಿದಂತಾಗಬಹುದು. ಒಂದು ನಿಮಿಷ ಕಾಯಬೇಕು. ಕೋಶಗಳು ಆರೋಗ್ಯವಾಗಿದ್ದರೆ ಬಣ್ಣ ಬದಲಾಗುವುದಿಲ್ಲ. ರೂಪಗೆಟ್ಟ ಕೋಶಗಳಲ್ಲಿ ಪ್ರೋಟೀನು ಹೆಚ್ಚಿರುವುದರಿಂದ ಆಮ್ಲ ತಾಗಿದ ಕಡೆ ಅಂಚು ಸ್ಪಷ್ಟವಾಗಿರುವ ದಟ್ಟ ಬಿಳಿ ಮಚ್ಚೆ ಮೂಡುತ್ತದೆ. ಪ್ರಯೋಗಾಲಯವೂ ಬೇಡ, ವಾರಗಟ್ಟಲೆ ಕಾಯುವುದೂ ಬೇಡ.

ಇಷ್ಟು ಸರಳವಾದದ್ದು ಜೀವ ಉಳಿಸುತ್ತದೆಯೇ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲೇ ಉತ್ತರ ಸಿಕ್ಕಿದೆ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ದೀರ್ಘ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮಾಡಿದ ವಿಐಎಯಿಂದ ಗರ್ಭಕಂಠದ ಕ್ಯಾನ್ಸರ್ ಸಾವು ನೂರಕ್ಕೆ 31ರಷ್ಟು ತಗ್ಗಿತು. ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಇನ್ನೊಂದು ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆಯನ್ನು ಬದುಕಿನಲ್ಲಿ ಒಂದೇ ಒಂದು ಸಲ ಮಾಡಿದರೂ ಈ ಕ್ಯಾನ್ಸರ್‌ನ ಸಾವು ಅರ್ಧದಷ್ಟು ಇಳಿಯಿತೆಂದು ಅದು ತೋರಿಸಿತು.

ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಎಂದಾದರೊಮ್ಮೆ ಈ ತಪಾಸಣೆಗೆ ಒಳಗಾದವರು ನೂರಕ್ಕೆ ಇಬ್ಬರೂ ಇಲ್ಲ. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು.

ಎಚ್‌ಐವಿ ಇದ್ದವರಿಗೆ ನಿಯಮ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಉಳಿದವರು 30ನೇ ವಯಸ್ಸಿಗೆ ತಪಾಸಣೆ ಶುರುಮಾಡಿದರೆ ಸಾಕು. ಎಚ್‌ಐವಿ ಇದ್ದವರು 25ಕ್ಕೇ ಶುರುಮಾಡಬೇಕು. ಎಚ್‌ಪಿವಿ ಪರೀಕ್ಷೆಯಾದರೆ ಮೂರರಿಂದ ಐದು ವರ್ಷಕ್ಕೊಮ್ಮೆ, ವಿಐಎ ಆದರೆ ಮೂರು ವರ್ಷಕ್ಕೊಮ್ಮೆ ಮರಳಿ ಮಾಡಿಸಬೇಕು.

ಬಳ್ಳಾರಿಯ ಸಂದರ್ಭದಲ್ಲಿ ಗಮನಿಸಲೇಬೇಕಾದ ಒಂದು ಅಂಶವಿದೆ. ಮುಟ್ಟು ನಿಂತ ಮೇಲೆ ಗರ್ಭಕಂಠದ ಸೂಕ್ಷ್ಮ ಭಾಗ ಒಳಕ್ಕೆ ಸರಿಯುತ್ತದೆ, ಕಣ್ಣಿಗೆ ಕಾಣದಾಗುತ್ತದೆ. ಆಗ ವಿಐಎ ನೆಚ್ಚಿಕೊಳ್ಳುವಂತಿಲ್ಲ. ಮೊದಲ ಎಆರ್‌ಟಿ ತಲೆಮಾರಿನ ಮಹಿಳೆಯರು ಆ ವಯಸ್ಸಿನ ಹೊಸ್ತಿಲಿನಲ್ಲಿದ್ದಾರೆ. ಇವರಿಗೆ ಎಚ್‌ಪಿವಿ ಪರೀಕ್ಷೆಯೇ ಬೇಕು.

ಸಿರುಗುಪ್ಪದಿಂದ ಬಳ್ಳಾರಿಗೆ, ಮರಳಿ ಸಿರುಗುಪ್ಪಕ್ಕೆ

ತುಂಗಭದ್ರೆಯ ನೀರುಂಡ ಸಿರುಗುಪ್ಪ ತಾಲ್ಲೂಕಿನಲ್ಲಿ ನಾಟಿ, ಕಳೆ, ಕೊಯ್ಲು ಎಲ್ಲವೂ ಹೆಂಗಸರ ಕೈಮೇಲೆ ನಡೆಯುವ ಕೆಲಸ. ಅಂಥ ಒಬ್ಬ ಕೂಲಿ ಹೆಣ್ಣುಮಗಳು ಎಆರ್‌ಟಿ ಮಾತ್ರೆಗೆಂದು ಬಳ್ಳಾರಿಗೆ ಹೊರಟಳು ಎಂದಿಟ್ಟುಕೊಳ್ಳಿ. ಐವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ‘ಶಕ್ತಿ’ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲ, ಆದರೆ ಆ ದಿನದ ಕೂಲಿ ಹೋಯಿತು. ಊರಲ್ಲಿ ಯಾರಾದರೂ ಕೇಳಿದರೆ ಮಗಳ ಮನೆಗೆ ಎಂದೋ ಸಂತೆಗೆ ಎಂದೋ ಒಂದು ಉತ್ತರ ಸಿದ್ಧವಿರಬೇಕು. ತಾಲ್ಲೂಕು ಕೇಂದ್ರದಲ್ಲೇ ಮಾತ್ರೆ ಸಿಗುತ್ತಿದ್ದರೂ ಗುರುತಿನವರ ಕಣ್ಣಿಗೆ ಬೀಳುವುದಕ್ಕೆ ಅಂಜಿ ದೂರದ ಕೇಂದ್ರವನ್ನೇ ಆರಿಸಿಕೊಳ್ಳುವವರೂ ಇದ್ದಾರೆ.

ಕೇಂದ್ರದಲ್ಲಿ ಅವಳ ತೂಕ ನೋಡುತ್ತಾರೆ, ಕೆಮ್ಮು ಜ್ವರ ಇದೆಯೇ ಎಂದು ವಿಚಾರಿಸುತ್ತಾರೆ, ಕ್ಷಯದ ಸುಳಿವಿದೆಯೇ ನೋಡುತ್ತಾರೆ. ಹಸಿರು ಪುಸ್ತಕದಲ್ಲಿ ಬರೆದು ಮಾತ್ರೆ ಕೊಡುತ್ತಾರೆ. ಆಪ್ತ ಸಮಾಲೋಚಕಿ ನೆನಪಿಟ್ಟು ಕೇಳಿದರು ಎನ್ನೋಣ:

“ಅಕ್ಕಾ, ಗರ್ಭಚೀಲದ ಬಾಯಿ ತಪಾಸಣೆ ಮಾಡಿಸೀರೇನು?”

“ನನಗೇನು ತ್ರಾಸಿಲ್ರೀ ಮೇಡಂ. ಬಿಳುಪು ಸ್ವಲ್ಪ ಹೋಗ್ತದ, ಅದು ಎಲ್ಲರಿಗೂ ಇರೋದ ಅಲ್ಲೇನ್ರೀ?”

“ತ್ರಾಸಿಲ್ಲದಾಗಲೇ ನೋಡಬೇಕಕ್ಕ. ಸ್ತ್ರೀರೋಗ ವಿಭಾಗಕ್ಕೆ ಬರಕೊಡ್ತೀನಿ.”

ಇಲ್ಲಿಂದ ಮುಂದೆ ಕೊಂಡಿ ಕಳಚುತ್ತದೆ. ಸ್ತ್ರೀರೋಗ ವಿಭಾಗಕ್ಕೆ ಇನ್ನೊಂದು ಚೀಟಿ ಮಾಡಿಸಬೇಕು, ಇನ್ನೊಂದು ಸಾಲಿನಲ್ಲಿ ನಿಲ್ಲಬೇಕು, ಅಲ್ಲಿ ಇನ್ನೊಬ್ಬರ ಮುಂದೆ ತನ್ನ ಎಚ್‌ಐವಿ ವಿಷಯ ತೆರೆದಿಡಬೇಕು. ಅಷ್ಟರಲ್ಲಿ ಹೊತ್ತು ಮಧ್ಯಾಹ್ನ ದಾಟಿರುತ್ತದೆ. ಸಂಜೆಯೊಳಗೆ ಊರು ಸೇರಬೇಕಾದವಳು ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಾಳೆ. ಇದನ್ನು ಅವಳ ಅಸಡ್ಡೆ ಎನ್ನಲಾಗದು. ಎರಡು ಸಾಲುಗಳಲ್ಲಿ ನಿಲ್ಲಲು ಅವಳಿಗಿರುವುದು ಒಂದೇ ದಿನ.

ಕುರುಗೋಡಿನ ಕಥೆಯೂ ಹೆಚ್ಚು ಬೇರೆಯಲ್ಲ. ದೊಡ್ಡಬಸವೇಶ್ವರನ ಈ ಊರು ತಾಲ್ಲೂಕು ಕೇಂದ್ರವಾಗಿ ಇನ್ನೂ ಬಹಳ ವರ್ಷವಾಗಿಲ್ಲ. ಬಳ್ಳಾರಿ ಹತ್ತಿರವೇ ಇರುವುದರಿಂದ ತಜ್ಞ ಸೇವೆಗೆ ಜನ ಅಲ್ಲಿಗೇ ಹೋಗುತ್ತಾರೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಯುವ ಘಟಕಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಆಸ್ಪತ್ರೆ ಕೂಗಳತೆಯಲ್ಲಿದೆ. ಆದರೆ ಎಷ್ಟು ಪೀಸ್ ಹೊಲಿದರೆ ಅಷ್ಟೇ ದುಡ್ಡು ಎಂಬ ಲೆಕ್ಕದಲ್ಲಿ ಅರ್ಧ ದಿನದ ರಜೆಯೂ ನಷ್ಟವೇ.

ಮಚ್ಚೆ ಕಂಡವರಿಗೆ ರಕ್ತಪರೀಕ್ಷೆ

ಈ ದಾರಿಯಲ್ಲಿ ಎದುರುಗಡೆಯಿಂದ ಬರುವವರೂ ಇದ್ದಾರೆ. ಬಿಳುಪು, ಹೊಟ್ಟೆನೋವು ಎಂದು ಬಂದವಳಲ್ಲಿ ಬಿಳಿ ಮಚ್ಚೆ ಕಾಣುತ್ತದೆ, ಅಥವಾ ಕ್ಯಾನ್ಸರೇ ಪತ್ತೆಯಾಗುತ್ತದೆ. ಅವಳಿಗೆ ಎಚ್‌ಐವಿ ಇದೆಯೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಇಂಥವರಿಗೆ ಎಚ್‌ಐವಿ ಪರೀಕ್ಷೆಯನ್ನು ವೈದ್ಯರೇ ಸೂಚಿಸಬೇಕು. ಫಲಿತಾಂಶ ತಿಳಿದರೆ ಚಿಕಿತ್ಸೆಯ ಹಾದಿ ಬದಲಾಗುತ್ತದೆ. ಎಆರ್‌ಟಿ ಕೂಡಲೇ ಶುರುವಾಗುತ್ತದೆ, ಮಚ್ಚೆಗೆ ಚಿಕಿತ್ಸೆ ಮಾಡಿದ ಮೇಲೂ ಮರುತಪಾಸಣೆ ಬೇಗ ಬೇಗ ನಡೆಯುತ್ತದೆ, ಗಂಡ ಮತ್ತು ಮಕ್ಕಳ ಪರೀಕ್ಷೆಗೂ ಹಾದಿಯಾಗುತ್ತದೆ.

ಆದರೆ ಅವಳ ಒಪ್ಪಿಗೆ ಇಲ್ಲದೆ ರಕ್ತ ತೆಗೆಯುವಂತಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಪರೀಕ್ಷೆಗೆ ತಿಳಿವಳಿಕೆಯ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು, ಎಚ್‌ಐವಿ ಇದೆ ಎಂಬ ಕಾರಣಕ್ಕೆ ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ರೋಗಿಯ ಕಡತದ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುವುದು, ಪಕ್ಕದ ಹಾಸಿಗೆಯವರಿಗೆ ಕೇಳುವಂತೆ ಹೇಳುವುದು, ಬೇರೆ ಕಡೆ ಹೋಗಿ ಎಂದು ಸಾಗಹಾಕುವುದು, ಇವೆಲ್ಲ ಕಾನೂನುಬಾಹಿರ.

ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದ ಇನ್ನೊಂದು ಮಾತಿದೆ. ಎಚ್‌ಐವಿ ಆಗಲಿ ಗರ್ಭಕಂಠದ ಕ್ಯಾನ್ಸರ್ ಆಗಲಿ ಯಾವ ಹೆಣ್ಣಿನ ನಡತೆಗೂ ಪ್ರಮಾಣಪತ್ರವಲ್ಲ. ಬದುಕಿಡೀ ಗಂಡನೊಬ್ಬನನ್ನೇ ಕಂಡವಳಿಗೂ ಎರಡೂ ಬರುತ್ತವೆ. ದೇವದಾಸಿ ಪದ್ಧತಿಗೆ ಬಲಿಯಾದವರಿಗೂ, ಲೈಂಗಿಕ ವೃತ್ತಿಯಲ್ಲಿರುವವರಿಗೂ ಅದೇ ಘನತೆಯ ಚಿಕಿತ್ಸೆ ಸಿಗಬೇಕು. ಚುಚ್ಚುಮಾತಿಗೆ ಹೆದರಿ ಒಬ್ಬಳು ಆಸ್ಪತ್ರೆಯಿಂದ ಹಿಂತಿರುಗಿದರೆ ಆ ಹೊಣೆ ಚುಚ್ಚಿದವರದು.

ಮೊದಲೇ ಸಿಕ್ಕರೆ ಸುಲಭ, ತಡವಾದರೆ ದೂರದ ಪ್ರಯಾಣ

ಕ್ಯಾನ್ಸರ್‌ಪೂರ್ವ ಹಂತದಲ್ಲಿ ಸಿಕ್ಕರೆ ಚಿಕಿತ್ಸೆ ನಿಮಿಷಗಳ ಕೆಲಸ. ಬಿಸಿ ಮಾಡಿದ ಚಿಕ್ಕ ಸಲಾಕೆಯನ್ನು ಮಚ್ಚೆಗೆ ತಾಗಿಸಿ ಸುಡುವ ವಿಧಾನವಿದೆ, ತೀರಾ ತಣ್ಣಗಿನ ಅನಿಲದಿಂದ ಹೆಪ್ಪುಗಟ್ಟಿಸುವ ವಿಧಾನವಿದೆ. ಮಚ್ಚೆ ದೊಡ್ಡದಾಗಿದ್ದರೆ ವಿದ್ಯುತ್ ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ. ಗರ್ಭಚೀಲ ಉಳಿಯುತ್ತದೆ. ಗಾಯ ಮಾಯುವ ತನಕ ಒಂದು ತಿಂಗಳಾದರೂ ಲೈಂಗಿಕ ಸಂಪರ್ಕದಿಂದ ದೂರವಿರಬೇಕು. ಎಚ್‌ಐವಿ ಇದ್ದವರಲ್ಲಿ ಮಚ್ಚೆ ಮರಳಿ ಬರುವ ಸಂಭವ ಹೆಚ್ಚು. ಆದ್ದರಿಂದ ವರ್ಷ ತುಂಬಿದಾಗ ಒಮ್ಮೆ, ಇನ್ನೊಂದು ವರ್ಷಕ್ಕೆ ಮತ್ತೊಮ್ಮೆ ತಪಾಸಣೆ ಬೇಕೇಬೇಕು.

ಬಿಳುಪು ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಗರ್ಭಚೀಲ ತೆಗೆಸಿಕೊಳ್ಳಲು ಹೋಗಬೇಡಿ. ಉತ್ತರ ಕರ್ನಾಟಕದಲ್ಲಿ, ಅದರಲ್ಲೂ ಕಲಬುರಗಿ ಮತ್ತು ಹಾವೇರಿ ಜಿಲ್ಲೆಗಳಲ್ಲಿ, ಬಡ ಹೆಣ್ಣುಮಕ್ಕಳ ಗರ್ಭಚೀಲಗಳನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು ಬಯಲಾಗಿ ದೊಡ್ಡ ಹೋರಾಟವೇ ನಡೆದಿದೆ. ಪರೀಕ್ಷೆ ಮೊದಲು, ಕತ್ತರಿ ಆಮೇಲೆ.

ಮುಟ್ಟಿನ ನಡುವೆ ರಕ್ತ, ಗಂಡ ಹೆಂಡತಿ ಕೂಡಿದ ಮೇಲೆ ರಕ್ತ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ, ಕೆಟ್ಟ ವಾಸನೆಯ ನೀರು, ಸೊಂಟದಿಂದ ಕಾಲಿಗಿಳಿಯುವ ನೋವು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ರೋಗ ಮುಂದುವರಿದರೆ ವಿಕಿರಣ ಮತ್ತು ಕಿಮೋಥೆರಪಿ ಬೇಕಾಗುತ್ತದೆ. ಬಳ್ಳಾರಿಯ ಎಷ್ಟೋ ಕುಟುಂಬಗಳು ಅದಕ್ಕೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ದಾರಿ ಹಿಡಿಯುತ್ತವೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಆದರೆ ವಿಕಿರಣ ವಾರಗಟ್ಟಲೆ ನಡೆಯುವಂಥದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಚಿಕಿತ್ಸೆಯ ವೆಚ್ಚ ಭರಿಸಿದರೂ ಉಳಿಯುವ ಜಾಗ, ಊಟ, ಜೊತೆಗೆ ಬಂದವರ ಕೂಲಿಯ ಭಾರ ಮನೆಯ ಮೇಲೇ ಬೀಳುತ್ತದೆ. ಎಚ್‌ಐವಿ ಇದ್ದರೂ ಎಆರ್‌ಟಿ ಮುಂದುವರಿಸುತ್ತ ಈ ಚಿಕಿತ್ಸೆಗಳನ್ನು ಪಡೆಯಬಹುದು. ಇನ್ನು ಫಲವಿಲ್ಲ ಎಂದು ಕೈಬಿಡುವ ಕಾಯಿಲೆ ಇದಲ್ಲ.

ಕೈಗೆಟಕುವ ಕೆಲಸ

ಬಳ್ಳಾರಿ ಜಿಲ್ಲೆ ನಾಳೆಯೇ ಮಾಡಬಹುದಾದದ್ದು ಹಲವಿದೆ. ಮೊದಲನೆಯದು, ಎಆರ್‌ಟಿ ಕೇಂದ್ರ ಇರುವಲ್ಲೇ ವಾರಕ್ಕೆ ಒಂದು ದಿನ ಗರ್ಭಕಂಠ ತಪಾಸಣೆ. ತರಬೇತಿ ಪಡೆದ ಒಬ್ಬ ನರ್ಸ್, ಒಂದು ಮೇಜು, ಪರದೆ, ದೀಪ, ಸುಡುವ ಉಪಕರಣ ಸಾಕು. ಕಂಡ ದಿನವೇ ಚಿಕಿತ್ಸೆ ಮುಗಿದರೆ ಎರಡನೇ ಚೀಟಿಯ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯದು, ಹೆಂಗಸು ತಾನೇ ತೆಗೆದುಕೊಡುವ ಮಾದರಿ. ಬ್ರಷ್‌ನಂಥ ಪುಟ್ಟ ಕಡ್ಡಿಯಿಂದ ಮರೆಯಲ್ಲಿ ತಾನೇ ದ್ರವ ತೆಗೆದುಕೊಟ್ಟರೆ ಎಚ್‌ಪಿವಿ ಪರೀಕ್ಷೆಗೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಮೈಸೂರು ಭಾಗದ ಹಳ್ಳಿಗಳಲ್ಲಿ ಸಂಶೋಧಕರು ಈ ವಿಧಾನವನ್ನು ಪ್ರಯತ್ನಿಸಿದ್ದಾರೆ. ಕ್ಷಯ ಪತ್ತೆಗೆ ಬಳಸುವ ಟ್ರೂನ್ಯಾಟ್ ಯಂತ್ರದಲ್ಲೇ ನಡೆಸಬಹುದಾದ ದೇಶೀಯ ಎಚ್‌ಪಿವಿ ಪರೀಕ್ಷೆಯೂ ಈಗ ಬಂದಿದೆ. ಮುಟ್ಟು ನಿಂತವರಿಗೆ, ಒಳಪರೀಕ್ಷೆಗೆ ನಾಚುವವರಿಗೆ ಇದೇ ಸರಿಯಾದ ದಾರಿ.

ಮೂರನೆಯದು ಲಸಿಕೆ. ಎಚ್‌ಪಿವಿ ಲಸಿಕೆ 9ರಿಂದ 14ರ ಹರೆಯದ ಹುಡುಗಿಯರಿಗೆ ಅತ್ಯುತ್ತಮ ಫಲ ಕೊಡುತ್ತದೆ. ಪುಣೆಯ ಸೀರಮ್ ಸಂಸ್ಥೆಯ ‘ಸರ್ವಾವ್ಯಾಕ್’ ನಮ್ಮದೇ ಲಸಿಕೆ. ಎಚ್‌ಐವಿ ಇಲ್ಲದ ಹುಡುಗಿಯರಿಗೆ ಒಂದು ಡೋಸ್ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದರೂ, ಹುಟ್ಟಿನಿಂದ ಎಚ್‌ಐವಿ ಇರುವ ಹುಡುಗಿಯರಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಡೋಸ್ ಬೇಕು. ಶಾಲೆಯಲ್ಲಿ ಎಲ್ಲರೊಂದಿಗೆ ಒಂದು ಚುಚ್ಚುಮದ್ದು ಆಯಿತೆಂದು ಅವರನ್ನು ಮರೆಯಬಾರದು. ಉಳಿದ ಡೋಸ್‌ಗಳು ಎಆರ್‌ಟಿ ಕೇಂದ್ರದಲ್ಲಿ ಸದ್ದಿಲ್ಲದೆ ಸಿಗುವಂತಾಗಬೇಕು.

ಓದುಗರಲ್ಲಿ ಯಾರಾದರೂ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮುಂದಿನ ಸಲ ಹೋದಾಗ ನೀವೇ ಕೇಳಿ: “ನನ್ನ ಗರ್ಭಕಂಠದ ತಪಾಸಣೆ ಯಾವಾಗ?” ಹೀಗೆ ಕೇಳುವುದು ನಿಮ್ಮ ಹಕ್ಕು. ಎಚ್‌ಐವಿ ಬಗ್ಗೆ ಗುಟ್ಟಾಗಿ ಮಾತಾಡಬೇಕೆಂದರೆ 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ವಿಶ್ವ ಆರೋಗ್ಯ ಸಂಸ್ಥೆ 2030ರೊಳಗೆ ನೂರರಲ್ಲಿ 70 ಮಹಿಳೆಯರಿಗೆ ಉತ್ತಮ ಗುಣಮಟ್ಟದ ತಪಾಸಣೆ ಆಗಬೇಕೆಂದು ಗುರಿ ಇಟ್ಟಿದೆ. ಊರಿನ ಎಲ್ಲ ಹೆಂಗಸರಿಗೂ ಅದನ್ನು ಮುಟ್ಟಿಸಲು ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಬೇಕು, ಮನವೊಲಿಸಬೇಕು. ಎಆರ್‌ಟಿ ಪಡೆಯುತ್ತಿರುವವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವರ ಹೆಸರು ದಾಖಲೆಯಲ್ಲಿದೆ, ಮಾತ್ರೆಗೆಂದು ಅವರೇ ತಪ್ಪದೆ ಬರುತ್ತಾರೆ, ವರ್ಷಗಳಿಂದ ವೈದ್ಯರ ಮಾತು ನಂಬಿ ನಡೆದವರು ಅವರು. ಅತಿ ಹೆಚ್ಚು ಅಪಾಯದಲ್ಲಿರುವವರೇ ಅತಿ ಸುಲಭವಾಗಿ ಸಿಗುವವರೂ ಆಗಿರುವಾಗ, ಅವರಲ್ಲಿ ಒಬ್ಬರಿಗೂ ತಪಾಸಣೆ ತಪ್ಪದಂತೆ ನೋಡಿಕೊಳ್ಳುವುದು ಬಳ್ಳಾರಿಯಿಂದ ಆಗುವ ಕೆಲಸ. ಅದು ಈ ವರ್ಷವೇ ಆಗಬೇಕು.